ಬಾರಿಲ್ಲದ ಸೈಕಲ್ಲು

ಪುಸ್ತಕವನ್ನೋ ಸಿನಿಮಾವನ್ನೋ ವಿಮರ್ಶೆ ಮಾಡುವ ಹಾಗೆ ನಾವು ದಿನಾ ಬಳಸುವ ಸಾಮಾನುಗಳನ್ನೂ ಒಮ್ಮೆ ವಿಮರ್ಶೆ ಮಾಡಬೇಕು ಎಂದು ನನಗೆ ಆಗಾಗ ಅನ್ನಿಸುವುದುಂಟು. ದಿನಕ್ಕೆ ಹತ್ತು ಸಲ ಕೈಗೆ ಸಿಗುವ ವಸ್ತುವಿನ ಬಗ್ಗೆ ನಮಗೂ ಒಂದು ಅಭಿಪ್ರಾಯ ಇರುತ್ತದೆ, ಕೇಳುವವರಿಲ್ಲ ಅಷ್ಟೆ. ಈಗ ನಾನು ಆರಿಸಿಕೊಂಡಿರುವುದು ಲೇಡೀಸ್ ಸೈಕಲ್ಲನ್ನು. ಗೇರು, ಮಿಂಚುವ ಬಣ್ಣ, ಮುಂದೊಂದು ಬುಟ್ಟಿ ಇರುವ ಈಗಿನದಲ್ಲ. ಕಪ್ಪು ಬಣ್ಣದ ಉಕ್ಕಿನ ಕೊಳವೆ, ಸಲಾಕೆಯ ಬ್ರೇಕು, ಚೈನಿಗೆ ಪೂರಾ ತಗಡಿನ ಕವರು, ಹಿಂದಿನ ಚಕ್ರಕ್ಕೆ ಜಾಲರಿ ಇರುವ ಹಳೆಯ ಮಾದರಿ. 1994ರಲ್ಲಿ ಕೊಂಡ ಅಂಥದೊಂದು ನನ್ನಲ್ಲಿ ಇವತ್ತಿಗೂ ಇದೆ. ಕೆಲಸಕ್ಕೆ, ಸಂತೆಗೆ, ಹಿಟ್ಟಿನ ಗಿರಣಿಗೆ ಅದರ ಮೇಲೆಯೇ ಓಡಾಡಿದ್ದೇನೆ. ಆದ್ದರಿಂದ ಹೊಗಳುವುದಕ್ಕೂ ತೆಗಳುವುದಕ್ಕೂ ಹಕ್ಕಿದೆ ಎಂದುಕೊಂಡಿದ್ದೇನೆ.

ಮೊದಲು ಹೊಗಳಿಕೆ. ಈ ಸೈಕಲ್ಲಿನಲ್ಲಿ ಯಾವುದು ಯಾಕಿದೆ ಎಂಬುದು ನೋಡಿದರೇ ತಿಳಿಯುತ್ತದೆ. ಹ್ಯಾಂಡಲ್ಲು ನಮ್ಮ ಕಡೆಗೆ ಬಾಗಿ ಬಂದಿರುವುದರಿಂದ ಬೆನ್ನು ನೆಟ್ಟಗಿರುತ್ತದೆ. ಎದುರಿಗೆ ಬರುವ ಎಮ್ಮೆಯೂ ಆಟೋವೂ ದೂರದಿಂದಲೇ ಕಾಣುತ್ತವೆ. ಬೆನ್ನು ನೆಟ್ಟಗಿದ್ದರೆ ಮೈಭಾರವೆಲ್ಲ ಸೀಟಿನ ಮೇಲೆ. ಅದಕ್ಕೇ ಸೀಟು ಅಗಲ, ಅದರ ಕೆಳಗೆ ದಪ್ಪ ಸ್ಪ್ರಿಂಗು. ಎರಡು ಚಕ್ರಗಳ ನಡುವೆ ಅಂತರ ಹೆಚ್ಚು, ಮುಂದಿನ ಫೋರ್ಕು ಇಳಿಜಾರಾಗಿ ಚಾಚಿಕೊಂಡಿದೆ; ಗುಂಡಿಗೆ ಇಳಿದರೆ ಅದರ ಪೆಟ್ಟು ನಮ್ಮನ್ನು ತಲುಪುವ ಹೊತ್ತಿಗೆ ಅಷ್ಟಿಷ್ಟು ಸವೆದಿರುತ್ತದೆ. ಚೈನ್ ಕವರು ಸೀರೆಗೆ ಎಣ್ಣೆಮಸಿ ತಾಗದಂತೆ ಕಾಯುತ್ತದೆ, ಹಾಗೆಯೇ ಚೈನಿಗೆ ದೂಳು, ಕೆಸರು ತಾಗದಂತೆಯೂ ಕಾಯುತ್ತದೆ.

ಇನ್ನು ಉಕ್ಕು. ಅದು ಬಾಗುತ್ತದೆಯೇ ಹೊರತು ಥಟ್ಟನೆ ಮುರಿಯುವುದು ಅಪರೂಪ. ಬಾಗಿದ್ದನ್ನು ನೆಟ್ಟಗೆ ಮಾಡಬಹುದು, ಬಿಟ್ಟದ್ದನ್ನು ಬೆಸೆಯಬಹುದು. ಅದಕ್ಕೆ ಕಂಪನಿಯ ದಾರಿ ಕಾಯಬೇಕಿಲ್ಲ, ಬಸ್‌ಸ್ಟ್ಯಾಂಡಿನ ಬದಿಯ ಗ್ಯಾಸ್ ವೆಲ್ಡಿಂಗಿನವನು ಸಾಕು. ನನ್ನ ಕ್ಯಾರಿಯರ್ ಎರಡು ಸಲ ಬೆಸುಗೆ ಕಂಡಿದೆ. ಪಂಕ್ಚರ್ ಆದರೆ ಹಿಂದಿನ ಚಕ್ರವನ್ನು ಕಳಚುವ ಗೋಜಿಲ್ಲದೆ, ಇದ್ದಲ್ಲೇ ಟಯರ್ ಎಬ್ಬಿಸಿ ಟ್ಯೂಬನ್ನು ಹೊರಗೆಳೆದು ತೇಪೆ ಹಾಕಿ ಕೊಡುತ್ತಾರೆ. ಹೆಂಗಸು ಒಂಟಿಯಾಗಿ ಓಡಾಡುವಾಗ, ಕೆಟ್ಟರೆ ಎಲ್ಲಿ ಬೇಕಾದರೂ ಸರಿಯಾಗುವ ವಾಹನಕ್ಕಿಂತ ದೊಡ್ಡ ಧೈರ್ಯ ಇನ್ನೊಂದಿಲ್ಲ.

ಬ್ರೇಕಿನ ವಿಷಯಕ್ಕೆ ಬಂದರೆ ಹೊಗಳಿಕೆ ಅರ್ಧಕ್ಕೇ ನಿಲ್ಲುತ್ತದೆ. ಸಲಾಕೆಯ ಬ್ರೇಕು ರಬ್ಬರನ್ನು ರಿಮ್ಮಿನ ಒಳಮೈಗೆ ಒತ್ತುತ್ತದೆ. ಕಡ್ಡಿ ಸಡಿಲವಾಗಿ ಚಕ್ರ ಅತ್ತಿತ್ತ ಓಲಾಡಿದರೂ ಅದಕ್ಕೆ ಅಷ್ಟಾಗಿ ಬಾಧೆಯಿಲ್ಲ. ಆದರೆ ಮಳೆ ಬಿದ್ದು ಹೊಳಪಿನ ಉಕ್ಕಿನ ರಿಮ್ಮು ಒದ್ದೆಯಾಯಿತೋ, ಬ್ರೇಕು ಹಿಡಿದರೂ ಸೈಕಲ್ಲು ನಿಲ್ಲುವುದಿಲ್ಲ. ನಮ್ಮ ಮಳೆಗಾಲ ಇಷ್ಟು ಉದ್ದ ಇರುವಾಗ ಇದನ್ನು ಸಣ್ಣ ದೋಷ ಎಂದು ಬಿಡಲಾಗದು. ಸೀಟನ್ನು ಎಷ್ಟು ಇಳಿಸಿದರೂ ಕುಳ್ಳಗಿನವರಿಗೆ ನೆಲ ಎಟುಕದು ಎಂಬುದು ಎರಡನೆಯ ದೂರು. ಒಂದೆರಡು ಅಳತೆಯಲ್ಲೇ ಎಲ್ಲ ಹೆಂಗಸರನ್ನೂ ಮುಗಿಸಿಬಿಟ್ಟಿದ್ದರು.

ನನ್ನ ದೊಡ್ಡ ತಕರಾರು ಮಾತ್ರ ಅದರ ಹೆಸರಿನ ಮೇಲೆ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ‘ರೋವರ್’ ಸೈಕಲ್ಲನ್ನು ಹೊರತಂದ ಮೇಲೆ, ಕೆಲವೇ ವರ್ಷಗಳಲ್ಲಿ ಹೆಂಗಸರಿಗೆಂದು ಬೇರೆ ಮಾದರಿ ಬಂತು. ಆಗ ಅಲ್ಲಿಯ ಹೆಂಗಸರದು ನೆಲ ಗುಡಿಸುವ ಲಂಗ. ಅದಕ್ಕಾಗಿ ಸೀಟಿನಿಂದ ಹ್ಯಾಂಡಲ್ಲಿನವರೆಗಿನ ಬಾರನ್ನು ಕೆಳಕ್ಕೆ ಇಳಿಸಿದರು, ಚಕ್ರಕ್ಕೆ ಜಾಲರಿ ಕಟ್ಟಿದರು. ಅಂದರೆ ಅಳತೆ ತೆಗೆದದ್ದು ಹೆಂಗಸಿನದಲ್ಲ, ಅವಳ ಬಟ್ಟೆಯದು. ಇದಕ್ಕೊಂದು ಬೆಲೆಯೂ ಇತ್ತು. ಮೂರು ಮೂಲೆ ಕೂಡಿದ ಚೌಕಟ್ಟು ಅಲುಗದು, ಮೇಲಿನ ಬಾರು ಹೋದರೆ ಸಡಿಲ. ಆ ಕೊರತೆ ತುಂಬಲು ಕೊಳವೆ ದಪ್ಪವಾಗಬೇಕು, ಇಲ್ಲವೇ ಎರಡಾಗಬೇಕು. ಆ ತೂಕವನ್ನೂ ತುಳಿಯಬೇಕಾದವಳು ಅವಳೇ.

ಹಾಗೆಂದು ಬಾರಿಲ್ಲದ ಸೈಕಲ್ಲು ಕೆಟ್ಟದ್ದೇ? ಖಂಡಿತ ಇಲ್ಲ. ಕ್ಯಾರಿಯರಿನಲ್ಲಿ ಹಿಟ್ಟಿನ ಡಬ್ಬವೋ ಹಾಲಿನ ಕ್ಯಾನೋ ಇದ್ದಾಗ ಕಾಲನ್ನು ಹಿಂದಿನಿಂದ ಬೀಸಿ ಹತ್ತುವುದು ಗಂಡಸಿಗೂ ಕಷ್ಟ. ಮುಂದಿನಿಂದ ಕಾಲು ತೂರಿಸಿ ಹತ್ತುವ ಅನುಕೂಲ ಮುದುಕರಿಗೂ ಬೇಕು, ಮಂಡಿನೋವಿನವರಿಗೂ ಬೇಕು. ಅನುಮಾನವಿದ್ದವರು ಸ್ಕೂಟರನ್ನು ನೋಡಿ. ಬಜಾಜ್ ಚೇತಕ್‌ನಲ್ಲಿಯೂ ನಡುವೆ ಬಾರಿಲ್ಲ. ಆ ಖಾಲಿ ಜಾಗದಲ್ಲಿ ಮಗುವನ್ನು ನಿಲ್ಲಿಸಿಕೊಂಡು, ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು ಗಂಡಸರು ವರ್ಷಗಟ್ಟಲೆ ಓಡಾಡಿದರು. ಯಾರೂ ಅದನ್ನು ಲೇಡೀಸ್ ಸ್ಕೂಟರ್ ಎನ್ನಲಿಲ್ಲ. ಅದೇ ಅನುಕೂಲ ಸೈಕಲ್ಲಿಗೆ ಬಂದರೆ ಮಾತ್ರ ಅದು ಹೆಂಗಸರದಾಗುತ್ತದೆ, ಗಂಡುಹುಡುಗ ಅದನ್ನು ಮುಟ್ಟಲು ನಾಚುತ್ತಾನೆ!

ಇದರ ಇನ್ನೊಂದು ಮುಖ ತಮಿಳುನಾಡಿನ ಪುದುಕೋಟೆಯಲ್ಲಿ ಕಂಡಿತು. 1990ರ ದಶಕದ ಮೊದಲಲ್ಲಿ, ಜಿಲ್ಲಾಧಿಕಾರಿಯಾಗಿದ್ದ ಶೀಲಾರಾಣಿ ಚುಂಕತ್ ಅವರ ಕಾಲದಲ್ಲಿ, ಸಾಕ್ಷರತಾ ಆಂದೋಲನದ ಜೊತೆಗೇ ಅಲ್ಲಿಯ ಹಳ್ಳಿಯ ಹೆಂಗಸರು ಸೈಕಲ್ಲು ಕಲಿತರು. ಹಾಗೆ ಕಲಿತವರು ಲಕ್ಷಕ್ಕೂ ಹೆಚ್ಚು. ಪತ್ರಕರ್ತ ಪಿ. ಸಾಯಿನಾಥ್ ಇದನ್ನು ಬರೆಯುತ್ತ ಒಂದು ಸಣ್ಣ ಸಂಗತಿ ಹೇಳುತ್ತಾರೆ: ಅಲ್ಲಿ ಲೇಡೀಸ್ ಸೈಕಲ್ಲುಗಳು ಸಾಕಾಗದೆ ಹೆಂಗಸರು ಗಂಡಸರ ಸೈಕಲ್ಲನ್ನೇ ಹತ್ತಿದರು, ಕೆಲವರಂತೂ ಅದನ್ನೇ ಇಷ್ಟಪಟ್ಟರು. ಯಾಕೆಂದರೆ ಬಾರಿನ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದು! ಲಂಗಕ್ಕಾಗಿ ತೆಗೆದ ಬಾರು ತಾಯಿಗೆ ಬೇಕಾಗಿತ್ತು. ಅವಳನ್ನು ಯಾರೂ ಕೇಳಿರಲಿಲ್ಲ.

ಕೇಳಬೇಕಾದ ಪ್ರಶ್ನೆಯೂ ಅದೇ. ಏನು ಹೊರುತ್ತೀಯಮ್ಮ, ಎಂಥ ದಾರಿ, ಎಷ್ಟು ದೂರ, ಜೊತೆಗೆ ಯಾರಿರುತ್ತಾರೆ? ಇದಕ್ಕೆ ಸಿಗುವ ಉತ್ತರದ ಮೇಲೆ ಬಾರು ಬೇಕೋ ಬೇಡವೋ ತೀರ್ಮಾನವಾಗಬೇಕು. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡಲು ಶುರುಮಾಡಿದರು. ಸಾಲಾಗಿ ಹುಡುಗಿಯರು ಸೈಕಲ್ಲು ತುಳಿದು ಹೈಸ್ಕೂಲಿಗೆ ಹೋಗುವುದನ್ನು ನೋಡಿದಾಗೆಲ್ಲ ಕಣ್ಣು ತುಂಬಿದೆ. ಅಲ್ಲಿಯೂ ಹುಡುಗರಿಗೊಂದು, ಹುಡುಗಿಯರಿಗೊಂದು ಮಾದರಿ. ಚೂಡಿದಾರ ತೊಟ್ಟ ಹುಡುಗಿಗೆ ನೂರು ವರ್ಷದ ಹಿಂದಿನ ಲಂಗದ ಲೆಕ್ಕ ಯಾಕೆ? ಹಾಗೆಯೇ, ಗೊಬ್ಬರದ ಚೀಲ ಹೇರಿಕೊಂಡು ಹೋಗುವ ಹುಡುಗನಿಗೆ ಬಾರಿಲ್ಲದ ಸೈಕಲ್ಲಿನ ಸುಖ ಯಾಕೆ ತಪ್ಪಬೇಕು?

ಹಾಗಾದರೆ ಕೊನೆಯ ತೀರ್ಪು? ಈ ಸೈಕಲ್ಲು ಭಾರ, ನಿಧಾನ, ಮಳೆಗೆ ಹೆದರುತ್ತದೆ. ಆದರೂ ಮೂವತ್ತು ವರ್ಷ ದಾಟಿದ ಮೇಲೂ ಅದರ ಒಂದೊಂದು ಭಾಗವೂ ನನಗೆ ಅರ್ಥವಾಗುತ್ತದೆ, ಕೆಟ್ಟರೆ ಯಾವುದು ಕೆಟ್ಟಿತೆಂದು ನಾನೇ ಹೇಳಬಲ್ಲೆ. ಈಚೆಗೆ ಮನೆಗೆ ಬಂದ ಯಾವ ಯಂತ್ರದ ಬಗ್ಗೆಯೂ ಈ ಮಾತು ಹೇಳಲಾರೆ. ಮಗಳಿಗೆ ಸೈಕಲ್ಲು ಕೊಳ್ಳುವವರು ಅಂಗಡಿಯವನು ‘ಲೇಡೀಸಾ, ಜೆಂಟ್ಸಾ’ ಎಂದು ಕೇಳಿದರೆ ಅವಸರ ಮಾಡಬೇಡಿ. ಅವಳನ್ನೇ ಎರಡರ ಮೇಲೂ ಕೂರಿಸಿ ನೋಡಿ.