ಮುಂದೆ ಕುಣಿದ ತಮ್ಮ, ಹಿಂದೆ ನಿಂತ ಅಣ್ಣ

ಆಸ್ಟ್ರೇಲಿಯದ ಎಸಿ-ಡಿಸಿ ತಂಡದ ಲೀಡ್ ಗಿಟಾರ್ ವಾದಕ ಆಂಗಸ್ ಯಂಗ್ ಎಂದೊಡನೆ ಜನರ ಕಣ್ಣಿಗೆ ಕಟ್ಟುವುದು ಆತನ ಶಾಲಾ ಸಮವಸ್ತ್ರ. ಚಡ್ಡಿ, ಕೋಟು, ಟೈ, ಟೊಪ್ಪಿ. ಅಕ್ಕ ಮಾರ್ಗರೆಟ್ ಸೂಚಿಸಿದ ಈ ವೇಷವನ್ನು 2024ರ ಯುರೋಪ್ ಪ್ರವಾಸದಲ್ಲಿಯೂ, ತನ್ನ 69ನೆಯ ವಯಸ್ಸಿನಲ್ಲಿ, ಆತ ಧರಿಸಿಯೇ ರಂಗಕ್ಕೆ ಬಂದ. ‘ಇದು ಬರಿಯ ಗದ್ದಲ, ಕೋಡಂಗಿ ಕುಣಿತ’ ಎಂದು ಮೂಗು ಮುರಿಯುವ ಹಿರಿಯರು ನಮ್ಮ ಮನೆಗಳಲ್ಲಿದ್ದಾರೆ. ನಾನು ಅವರ ಪಕ್ಷದವನಲ್ಲ. ಆದರೆ ಆಂಗಸ್‌ನ ಖ್ಯಾತಿಯನ್ನು ಅವನೊಬ್ಬನ ಖಾತೆಗೇ ಜಮಾ ಮಾಡುವ ಅಭಿಮಾನಿಗಳ ಮಾತನ್ನೂ ಒಪ್ಪಲಾರೆ.

1955ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ ಆಂಗಸ್, ಕುಟುಂಬದೊಂದಿಗೆ 1963ರಲ್ಲಿ ಸಿಡ್ನಿಗೆ ವಲಸೆ ಹೋದವನು. 1973ರಲ್ಲಿ ಅಣ್ಣ ಮಾಲ್ಕಮ್‌ನೊಂದಿಗೆ ಸೇರಿ ತಂಡ ಕಟ್ಟಿದ. 1980ರ ಫೆಬ್ರವರಿಯಲ್ಲಿ ಗಾಯಕ ಬಾನ್ ಸ್ಕಾಟ್ ತೀರಿಕೊಂಡಾಗ ತಂಡವೇ ಮುಗಿಯಿತೆಂಬ ಸ್ಥಿತಿ. ಅದೇ ಜುಲೈಯಲ್ಲಿ ಹೊಸ ಗಾಯಕ ಬ್ರಯಾನ್ ಜಾನ್ಸನ್‌ನೊಂದಿಗೆ ‘ಬ್ಯಾಕ್ ಇನ್ ಬ್ಲ್ಯಾಕ್’ ಬಂತು. 2019ರ ಹೊತ್ತಿಗೆ ಅಮೆರಿಕವೊಂದರಲ್ಲೇ ಅದರ ಮಾರಾಟ 2.5 ಕೋಟಿಯೆಂದು ದೃಢೀಕೃತವಾಗಿತ್ತು.

ಆ ಸಂಕಲನದ ಶೀರ್ಷಿಕೆ ಗೀತೆಯನ್ನೊಮ್ಮೆ ಗಮನವಿಟ್ಟು ಕೇಳಬೇಕು. ಇ, ಡಿ, ಎ — ಮೂರೇ ಕಾರ್ಡ್‌ಗಳು. ಅವುಗಳ ನಡುವೆ ಮೌನ. ದಿನವಿಡೀ ಲೆಕ್ಕ ತಾಳೆ ನೋಡುವ ಬ್ಯಾಂಕ್ ಗುಮಾಸ್ತನಾದ ನನಗೆ ಆ ಮೌನ ಒಂದು ಪೈಸೆಯೂ ಹೆಚ್ಚುಕಡಿಮೆಯಾಗದ ಲೆಕ್ಕದಂತೆ ಕೇಳಿಸುತ್ತದೆ. ಅದನ್ನು ಕಾಯುವವನು ಮಾಲ್ಕಮ್. ತನ್ನ ಗ್ರೆಚ್ ಗಿಟಾರಿನ ಹೆಚ್ಚುವರಿ ಪಿಕಪ್‌ಗಳನ್ನು ಕಿತ್ತೆಸೆದು, ದಪ್ಪ ತಂತಿ ಬಿಗಿದು, ಡ್ರಮ್‌ನ ಪಕ್ಕದಲ್ಲೇ ನಿಂತು ನುಡಿಸಿದವನು. ನಮ್ಮ ತೆಂಕುತಿಟ್ಟಿನ ಆಟದಲ್ಲಿಯೂ ಚೆಂಡೆಯ ಅಬ್ಬರಕ್ಕೆ ಮನಸೋತವರು ಮದ್ದಳೆಯನ್ನು ಮರೆಯುವುದುಂಟಷ್ಟೆ!

ಹಾಗೆಂದು ಆಂಗಸ್ ಸಾಮಾನ್ಯನಲ್ಲ. ಬ್ಲೂಸ್‌ನ ಐದು ಸ್ವರಗಳ ಹಳೆಯ ಬಂಡವಾಳದಲ್ಲೇ ಆತನ ವ್ಯಾಪಾರ. ಹೆಂಡ್ರಿಕ್ಸ್‌ನಂತೆ ಗಿಟಾರಿಗೆ ಹೊಸ ಭಾಷೆ ಕೊಟ್ಟವನಲ್ಲ. ಆದರೆ ಒಂದು ಸ್ವರವನ್ನು ಹಿಡಿದು ನಡುಗಿಸುವ ಬೆರಳಿನ ಕಸು, ಎಲ್ಲಿ ನಿಲ್ಲಿಸಬೇಕೆಂಬ ವಿವೇಕ, ಇವು ಎಲ್ಲರಿಗೂ ದಕ್ಕುವಂಥವಲ್ಲ. ದೇಹ ಹುಚ್ಚೆದ್ದು ಓಡುತ್ತಿದ್ದರೂ ಕೈ ತಾಳ ತಪ್ಪುವುದಿಲ್ಲ. ‘ಫ್ಲೈ ಆನ್ ದ ವಾಲ್’ (1985) ಮುಂತಾದವುಗಳಲ್ಲಿ ಹಳೆಯ ಸರಕೇ ಮರಳಿ ಬಂದು ಬೇಸರ ತರಿಸುತ್ತದೆ ಎಂಬುದನ್ನೂ ಹೇಳಲೇಬೇಕು.

ಮರೆವಿನ ಕಾಯಿಲೆಯಿಂದ ಮಾಲ್ಕಮ್ 2014ರಲ್ಲಿ ತಂಡ ತೊರೆದ. 2017ರ ನವೆಂಬರಿನಲ್ಲಿ ತೀರಿಕೊಂಡ. ಅವನ ಜಾಗಕ್ಕೆ ಸೋದರನ ಮಗ ಸ್ಟೀವಿ ಬಂದು ಅದೇ ಕೆಲಸವನ್ನು ಶ್ರದ್ಧೆಯಿಂದ ಮಾಡಿದ. ಜನ ಎಂದಿನಂತೆ ನೆರೆದರು. ಅವರ ಕಣ್ಣು ಮೊದಲಿನಿಂದಲೂ ಇದ್ದುದು ಚಡ್ಡಿಯ ಹುಡುಗನ ಮೇಲೆ ತಾನೆ? ಆದರೆ ಆ ಹುಡುಗನಿಗೆ ಲೆಕ್ಕ ಗೊತ್ತಿತ್ತು. ಇಬ್ಬರೂ ಕೂಡಿ ಹಿಂದೆ ಮಾಡಿಟ್ಟಿದ್ದ ತುಣುಕುಗಳನ್ನು ಹುಡುಕಿ ತೆಗೆದು, 2020ರಲ್ಲಿ ‘ಪವರ್ ಅಪ್’ ಹೊರತಂದ. ಅದರ 12 ಹಾಡುಗಳಿಗೂ ರಚನಕಾರರೆಂದು ಇರುವುದು ಎರಡು ಹೆಸರು: ಆಂಗಸ್ ಯಂಗ್, ಮಾಲ್ಕಮ್ ಯಂಗ್.