ಮಾಲಗದ ತಾರಸಿಯಲ್ಲಿ ಬಿಬಿಸಿ ಹಿಡಿಯುವವರು

ದಕ್ಷಿಣ ಸ್ಪೇನಿನ ಕಡಲತೀರದ ಊರುಗಳಲ್ಲಿ ಯಾವ ಮನೆ ಸ್ಥಳೀಯರದು, ಯಾವುದು ಇಂಗ್ಲೆಂಡಿನಿಂದ ಬಂದು ನೆಲೆಸಿದವರದು ಎಂದು ತಿಳಿಯಲು ಬಾಗಿಲು ತಟ್ಟಬೇಕಿಲ್ಲ, ಕತ್ತೆತ್ತಿ ತಾರಸಿ ನೋಡಿದರೆ ಸಾಕು. ಸ್ಪೇನಿನ ಮೂವಿಸ್ಟಾರ್ ಪ್ಲಸ್ ಡಿಶ್‌ಗಳು 19.2 ಡಿಗ್ರಿ ಪೂರ್ವದ ಆಸ್ಟ್ರಾ ಉಪಗ್ರಹಗಳತ್ತ ಮುಖ ಮಾಡಿರುತ್ತವೆ. ಇಂಗ್ಲಿಷರ ಡಿಶ್‌ಗಳು ಇನ್ನೂ ಒಂದಿಷ್ಟು ಪೂರ್ವಕ್ಕೆ, 28.2 ಡಿಗ್ರಿಯತ್ತ ಹೊರಳಿರುತ್ತವೆ. ಗಾತ್ರದಲ್ಲೂ ವ್ಯತ್ಯಾಸವುಂಟು. ಮೊದಲನೆಯದಕ್ಕೆ 80 ಸೆಂಟಿಮೀಟರ್ ಧಾರಾಳವಾಯಿತು. ಎರಡನೆಯದು ಕೆಲವು ಮನೆಗಳ ಮೇಲೆ 1.8 ಮೀಟರ್, ಹಟ ಹೆಚ್ಚಿದ್ದ ಕಡೆ 2.4 ಮೀಟರ್.

ಇಷ್ಟು ದೊಡ್ಡ ಡಿಶ್ ಏಕೆ ಬೇಕು? ಲೆಕ್ಕ ಹಾಕಿ ನೋಡಿದರೆ ಇದು ವಿಚಿತ್ರ. 28.2 ಡಿಗ್ರಿಯ ಉಪಗ್ರಹ ಲಂಡನ್ನಿನ ಆಕಾಶದಲ್ಲಿ ದಿಗಂತದಿಂದ ಸುಮಾರು 25 ಡಿಗ್ರಿ ಎತ್ತರದಲ್ಲಿದೆ, ಮಾಲಗದಲ್ಲಿ 35 ಡಿಗ್ರಿ. ಅಂದರೆ ಸ್ಪೇನಿನವರಿಗೇ ಅದು ಹೆಚ್ಚು ಹತ್ತಿರ, ಮರ ಕಟ್ಟಡಗಳ ಅಡ್ಡಿಯೂ ಕಡಿಮೆ, ಮಳೆಯಂತೂ ಇನ್ನೂ ಕಡಿಮೆ. ಆದರೂ ಲಂಡನ್ನಿನಲ್ಲಿ ಗೋಡೆಗೆ ಬಡಿದ ಪುಟ್ಟ ಡಿಶ್ ಹಿಡಿಯುವ ಬಿಬಿಸಿಯನ್ನು ಮಾಲಗದ ಭಾರೀ ಡಿಶ್ ತಡಕಾಡಿ ಹಿಡಿಯಬೇಕು. ದೂರದ ಮಾತು ಇಲ್ಲಿ ಬರುವುದಿಲ್ಲ. ಕಿರಣವನ್ನು ಎಲ್ಲಿಗೆ ಬಿಡಬೇಕೆಂದು ಉಪಗ್ರಹ ಕಟ್ಟುವಾಗಲೇ ತೀರ್ಮಾನವಾಗಿರುತ್ತದೆ.

2000ದ ಡಿಸೆಂಬರಿನಲ್ಲಿ ಹಾರಿದ ಆಸ್ಟ್ರಾ 2ಡಿ ತನ್ನ ಶಕ್ತಿಯನ್ನೆಲ್ಲ ಬ್ರಿಟನ್ ಮತ್ತು ಐರ್ಲೆಂಡಿನ ಮೇಲೆ ಸುರಿಯುತ್ತಿದ್ದ ಉಪಗ್ರಹ. ಬಿಬಿಸಿಗೆ ಅದು ಹೇಳಿ ಮಾಡಿಸಿದಂತಿತ್ತು. 2003ರಲ್ಲಿ ಸ್ಕೈ ಸಂಸ್ಥೆಯ ಗೂಢಲಿಪಿಯ ಹಂಗು ಬಿಟ್ಟು ತನ್ನ ಚಾನೆಲ್‌ಗಳನ್ನು ಮುಕ್ತವಾಗಿ ಬಿತ್ತರಿಸಲು ಬಿಬಿಸಿ ಧೈರ್ಯ ಮಾಡಿದ್ದೇ ಈ ಕಿರಿದಾದ ಕಿರಣವನ್ನು ನೆಚ್ಚಿಕೊಂಡು. ಸಿನಿಮಾ, ಕ್ರೀಡೆಗಳ ಹಕ್ಕು ದೇಶದೇಶಕ್ಕೆ ಬೇರೆಬೇರೆಯಾಗಿ ಮಾರಾಟವಾಗುತ್ತದೆ. ಬೀಗ ಹಾಕದಿದ್ದರೆ ಕಿರಣವನ್ನಾದರೂ ಗಡಿಯೊಳಗೆ ಇಟ್ಟುಕೊಳ್ಳಬೇಕು. ಆದರೆ ಕಿರಣಕ್ಕೆ ಕತ್ತರಿಸಿದಂಥ ಅಂಚಿಲ್ಲ. ಸೋರಿದ ಅಲ್ಪಸ್ವಲ್ಪವನ್ನು ಸ್ಪೇನಿನ ಇಂಗ್ಲಿಷರು ದೊಡ್ಡ ಡಿಶ್ ಒಡ್ಡಿ ಹಿಡಿದರು. ಡಿಶ್ ಕೂರಿಸುವವರ ದಂಧೆ ಕರಾವಳಿಯುದ್ದಕ್ಕೂ ಕುದುರಿತು.

2014ರ ಫೆಬ್ರವರಿಯಲ್ಲಿ ಬಿಬಿಸಿ, ಐಟಿವಿ ಮುಂತಾದ ಚಾನೆಲ್‌ಗಳು ಹೊಸ ಆಸ್ಟ್ರಾ 2ಇ ಉಪಗ್ರಹಕ್ಕೆ ಬದಲಾದವು. ಅದರ ಬ್ರಿಟನ್ ಕಿರಣ ಇನ್ನೂ ಬಿಗಿ. ಒಂದೇ ದಿನದಲ್ಲಿ ಸ್ಪೇನಿನ ಸಾವಿರಾರು ಮನೆಗಳ ಪರದೆ ಖಾಲಿ. ಜನ ಕೇಬಲ್ ಬಿಚ್ಚಿ ಜೋಡಿಸಿದರು, ಡಿಶ್ ಮುಂದೆ ಕೂರುವ ಗ್ರಾಹಕ ಸಾಧನ ಎಲ್‌ಎನ್‌ಬಿಯನ್ನು ಬದಲಿಸಿದರು, ಕಂಬ ಅಲ್ಲಾಡಿಸಿದರು. ಕೆಟ್ಟದ್ದೇ ಇಲ್ಲದಿರುವಾಗ ರಿಪೇರಿ ಮಾಡುವುದು ಏನನ್ನು?

ಡಿಶ್ ಹವ್ಯಾಸದ ಅಸಲು ವಿದ್ಯೆ ಇರುವುದು ಇಲ್ಲೇ: ನಿಜವಾದ ದೋಷ ಯಾವುದು, ಉದ್ದೇಶಪೂರ್ವಕ ಕೊರತೆ ಯಾವುದು ಎಂದು ಬೇರ್ಪಡಿಸುವುದು. ಬಾಕ್ಸಿನ ಪರದೆಯಲ್ಲಿ ‘ಸ್ಟ್ರೆಂತ್’ ಪಟ್ಟಿ ತುಂಬಿಕೊಂಡಿದ್ದು ‘ಕ್ವಾಲಿಟಿ’ ಪಟ್ಟಿ ಸೊನ್ನೆಯಾಗಿದ್ದರೆ ಬರುತ್ತಿರುವುದು ಬರೀ ಗದ್ದಲ. ಮೊದಲ ಪಟ್ಟಿಯನ್ನಷ್ಟೇ ತೋರಿಸಿ ಹಣ ಎಣಿಸಿಕೊಳ್ಳುವವರನ್ನು ನಂಬಬಾರದು. ಎಲ್‌ಎನ್‌ಬಿಯನ್ನು ಲಂಡನ್ನಿನಲ್ಲಿ ಸುಮಾರು 21 ಡಿಗ್ರಿ ಓರೆ ಮಾಡಿದರೆ ಮಾಲಗದಲ್ಲಿ 36 ಡಿಗ್ರಿ ಓರೆ ಮಾಡಬೇಕು. ಊರಲ್ಲಿದ್ದಂತೆಯೇ ಬಿಗಿದು ‘ಸಿಗ್ನಲ್ ಇಲ್ಲ’ ಎಂದು ಗೊಣಗಿದರೆ ಉಪಗ್ರಹದ ತಪ್ಪಲ್ಲ. ಹಗಲೆಲ್ಲ ಸ್ಪಷ್ಟವಾಗಿದ್ದು ಸಂಜೆಯ ಸುದ್ದಿಯ ಹೊತ್ತಿಗೆ ಮಾಯವಾಗುವುದು ಕಿರಣದ ಅಂಚಿನಲ್ಲಿರುವವರ ಪಾಡು: 35,786 ಕಿ.ಮೀ. ಎತ್ತರದ ಉಪಗ್ರಹ ದಿನವಿಡೀ ತುಸು ಓಲಾಡುತ್ತದೆ, ಅಂಚು ಅದರೊಡನೆ ಸರಿದಾಡುತ್ತದೆ. ಮಾರ್ಚ್ ಆರಂಭ ಮತ್ತು ಅಕ್ಟೋಬರಿನಲ್ಲಿ ಕೆಲವು ದಿನ, ಒಂದೇ ವೇಳೆಗೆ ಕೆಲವು ನಿಮಿಷ ಚಿತ್ರ ಹೋದರೆ ಸೂರ್ಯ ಉಪಗ್ರಹದ ಬೆನ್ನಿಗೆ ಬಂದಿದ್ದಾನೆ ಎಂದರ್ಥ. ಅದಕ್ಕೆ ಯಾರನ್ನೂ ಕರೆಸಬೇಕಿಲ್ಲ.

60 ಸೆಂಟಿಮೀಟರಿನ ಡಿಶ್‌ಗಿಂತ 2.4 ಮೀಟರಿನದು ಹದಿನಾರು ಪಟ್ಟು ಹೆಚ್ಚು ಸಿಗ್ನಲ್ ಬಾಚಿಕೊಳ್ಳುತ್ತದೆ, ನಿಜ. ಅಷ್ಟೇ ಗಾಳಿಯನ್ನೂ ಬಾಚಿಕೊಳ್ಳುತ್ತದೆ. ಕಾಂಕ್ರೀಟ್ ಪಾಯ ಬೇಕು, ಅಪಾರ್ಟ್‌ಮೆಂಟಾದರೆ ನಿವಾಸಿಗಳ ಸಂಘದ ಒಪ್ಪಿಗೆ ಬೇಕು. ಡಿಶ್ ಪ್ರಿಯರಿಗೆ ಅದು ಚಂದದ ಆಟ. ಸಂಜೆ ಧಾರಾವಾಹಿ ನೋಡಿದರೆ ಸಾಕು ಎನ್ನುವ ನಿವೃತ್ತರಿಗೆ ಅದು ದುಬಾರಿ ತಲೆನೋವು.

ಬೇರೆ ದೇಶದ ಸೇವೆ ಆರಿಸಿಕೊಳ್ಳುವ ದಾರಿಗೆ ಕಾನೂನಿನ ಮುದ್ರೆ ಒತ್ತಿಸಿದವರು ಪೋರ್ಟ್ಸ್‌ಮೌತಿನಲ್ಲಿ ಪಬ್ ನಡೆಸುತ್ತಿದ್ದ ಕ್ಯಾರೆನ್ ಮರ್ಫಿ. ಇಂಗ್ಲಿಷ್ ಪ್ರೀಮಿಯರ್ ಲೀಗ್ ಪಂದ್ಯ ತೋರಿಸಲು ಸ್ಕೈ ಕೇಳುತ್ತಿದ್ದ ದರ ಕೊಡುವ ಬದಲು ಆಕೆ ಗ್ರೀಸಿನ ನೋವಾ ಕಾರ್ಡು ತರಿಸಿ ಹಾಕಿದರು. ದಂಡ, ಕೋರ್ಟು ವೆಚ್ಚ ಸೇರಿ ಸುಮಾರು 8,000 ಪೌಂಡ್ ತೆರಬೇಕಾಯಿತು. ಆಕೆ ಬಿಡಲಿಲ್ಲ. ವಿದೇಶಿ ಡಿಕೋಡರ್ ಕಾರ್ಡನ್ನು ನಿಷೇಧಿಸುವುದು ಸೇವೆಗಳ ಮುಕ್ತ ವ್ಯವಹಾರಕ್ಕೆ ವಿರುದ್ಧವೆಂದು ಐರೋಪ್ಯ ನ್ಯಾಯಾಲಯ 2011ರ ಅಕ್ಟೋಬರ್ 4ರಂದು ತೀರ್ಪಿತ್ತಿತು. ಮರುವರ್ಷ ಲಂಡನ್ನಿನ ಹೈಕೋರ್ಟ್ ಶಿಕ್ಷೆಯನ್ನು ರದ್ದುಮಾಡಿತು. ಸ್ಪೇನಿನ ಇಂಗ್ಲಿಷರಿಗೆ ಇದರಿಂದ ಸಿಕ್ಕಿದ್ದು ಅರ್ಧ ಜಯ. ಕೋರ್ಟು ಕಾರ್ಡನ್ನು ಗಡಿ ದಾಟಿಸಬಹುದು, ಕಿರಣವನ್ನು ದಾಟಿಸಲಾರದು.

ಕೊಲ್ಲಿ ದೇಶಗಳ ಕನ್ನಡಿಗರಿಗೆ ಈ ಪರಿಸ್ಥಿತಿ ಹೊಸದಲ್ಲ. ಭಾರತದ ಡಿಟಿಎಚ್ ಪರವಾನಗಿ ಭಾರತಕ್ಕಷ್ಟೇ ಸೀಮಿತ. ಆದರೂ ಊರಿಂದ ಹೊರಡುವಾಗ ಸೂಟ್‌ಕೇಸಿನಲ್ಲಿ ಸೆಟ್ ಟಾಪ್ ಬಾಕ್ಸ್ ಸೇರಿಸಿಕೊಳ್ಳುವುದು ಮಂಗಳೂರು–ದುಬೈ ನಂಟಿನ ಹಳೆಯ ಅಭ್ಯಾಸ. ಉಪಗ್ರಹವೇ ಕೈಕೊಟ್ಟ ಉದಾಹರಣೆಯೂ ನಮ್ಮಲ್ಲಿದೆ: ಹಾಸನದ ನಿಯಂತ್ರಣ ಕೇಂದ್ರ ನೋಡಿಕೊಳ್ಳುತ್ತಿದ್ದ ಇನ್ಸಾಟ್ 4ಬಿಗೆ 2010ರ ಜುಲೈನಲ್ಲಿ ವಿದ್ಯುತ್ ತೊಂದರೆಯಾಗಿ ಅರ್ಧದಷ್ಟು ಟ್ರಾನ್ಸ್‌ಪಾಂಡರ್‌ಗಳನ್ನು ಆರಿಸಬೇಕಾಯಿತು. ಅದನ್ನು ಬಳಸುತ್ತಿದ್ದ ಡಿಟಿಎಚ್ ಸಂಸ್ಥೆ ಸನ್ ಡೈರೆಕ್ಟ್ ಮಲೇಷ್ಯಾದ ಮೀಸ್ಯಾಟ್ 3ನ್ನು ಆಶ್ರಯಿಸಿತು, ಮನೆಮನೆಯ ಡಿಶ್‌ಗಳನ್ನು 93.5ರಿಂದ 91.5 ಡಿಗ್ರಿಗೆ ತಿರುಗಿಸುತ್ತ ಹುಡುಗರು ಏಣಿ ಹತ್ತಿದರು.

ಇಂಟರ್ನೆಟ್ ಇದ್ದಮೇಲೆ ಈ ಪಾಡೆಲ್ಲ ಏಕೆ ಎಂದು ಕೇಳಬಹುದು. ಬಿಬಿಸಿಯ ಐಪ್ಲೇಯರ್ ಬ್ರಿಟನ್ನಿನ ಹೊರಗೆ ತೆರೆಯುವುದಿಲ್ಲ. ಚಂದಾ ಕಟ್ಟಿದ ಆನ್‌ಲೈನ್ ಸೇವೆಯನ್ನು ಐರೋಪ್ಯ ಒಕ್ಕೂಟದೊಳಗೆ ಪ್ರವಾಸದಲ್ಲೂ ನೋಡಬಹುದೆಂಬ ನಿಯಮ 2018ರ ಏಪ್ರಿಲಿನಲ್ಲಿ ಬಂತು, ಅದೂ ತಾತ್ಕಾಲಿಕ ವಾಸಕ್ಕೆ ಮಾತ್ರ. ಬ್ರೆಕ್ಸಿಟ್ ಬಳಿಕ ಬ್ರಿಟನ್ನಿನ ಚಂದಾದಾರರಿಗೆ ಆ ಹಕ್ಕೂ ಹೋಯಿತು. ತಿಂಗಳಿಗೆ ಇಷ್ಟೆಂದು ಹಣ ತೆಗೆದುಕೊಂಡು ನೂರಾರು ಚಾನೆಲ್ ಕೊಡುತ್ತೇವೆನ್ನುವ ಕಳ್ಳ ಐಪಿಟಿವಿಗಳು ಯಾವ ಬೆಳಗಾದರೂ ಬಾಗಿಲು ಮುಚ್ಚಬಹುದು. ಮುಂಗಡ ಕಟ್ಟಿದವರು ಯಾರನ್ನು ಕೇಳುವುದು?

ತಾರಸಿಯ ಹಳೆ ಡಿಶ್ಶನ್ನು ಗುಜರಿಗೆ ಹಾಕಲು ಮನಸ್ಸಿಲ್ಲದವರಿಗೆ ಖರ್ಚಿಲ್ಲದ ಉಪಾಯವೊಂದಿದೆ. ಮಾಲಗದಲ್ಲಿ ಅದನ್ನು ಹನ್ನೊಂದು ಡಿಗ್ರಿಯಷ್ಟು ಪಶ್ಚಿಮಕ್ಕೆ ತಿರುಗಿಸಿ, ತುಸು ಮೇಲೆತ್ತಿದರೆ 19.2 ಸಿಗುತ್ತದೆ. ಅಲ್ಲಿಂದ ಜರ್ಮನಿಯ ಎಆರ್‌ಡಿ, ಜೆಡ್‌ಡಿಎಫ್ ಚಾನೆಲ್‌ಗಳು ಕಾರ್ಡು, ಚಂದಾ ಯಾವುದೂ ಇಲ್ಲದೆ ಎಚ್‌ಡಿಯಲ್ಲಿ ಇಳಿಯುತ್ತವೆ. ಇಂಗ್ಲೆಂಡಿನ ‘ಮಿಡ್‌ಸಾಮರ್ ಮರ್ಡರ್ಸ್’ ಧಾರಾವಾಹಿಯನ್ನು ಜೆಡ್‌ಡಿಎಫ್ ವರ್ಷಗಟ್ಟಲೆ ತೋರಿಸುತ್ತ ಬಂದಿದೆ. ಹಳ್ಳಿಗಳೂ ಅವೇ, ಕೊಲೆಗಳೂ ಅವೇ, ಇನ್‌ಸ್ಪೆಕ್ಟರ್ ಬಾರ್ನಬಿ ಮಾತ್ರ ಜರ್ಮನ್ ಮಾತಾಡುತ್ತಾರೆ.