ಮಲ್ಲರಂಗವೂ ರಾಜಸಭೆಯೂ

ನಮ್ಮ ಸೀಮೆಯು ನದಿಗಳಿಗೆ ತವರುಮನೆ. ಆದರೆ ಮಕ್ಕಳಿಂದ ಸುಖಪಡದ ತವರುಮನೆ. ಉತ್ತರಪಿನಾಕಿನಿಯು ನಂದಿಯ ಬೆಟ್ಟಗಳ ಮಗ್ಗುಲಲ್ಲಿ ಹುಟ್ಟಿಯೂ ವರ್ಷವಿಡೀ ನಮ್ಮಲ್ಲಿ ಹರಿಯಳು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಜನರು ಕೆರೆಯನ್ನೂ ಆಕಾಶವನ್ನೂ ನಂಬಿ ಬಾಳಿದವರು. ಆದಕಾರಣ ಮಳೆಯು ಹಿಂದೆಗೆದ ವರ್ಷಗಳಲ್ಲಿ ವಿರಾಟಪರ್ವವನ್ನು ಓದಿಸಬೇಕೆಂಬ ಕನ್ನಡನಾಡಿನ ಸಂಪ್ರದಾಯಕ್ಕೆ ನಮ್ಮಲ್ಲಿರುವಷ್ಟು ಕಾರಣವು ಬೇರೆ ಕಡೆ ಇರಲಾರದು. ಆದರೆ ಮಳೆಗಾಗಿ ಓದುವ ಗ್ರಂಥವನ್ನು ಅರ್ಥಕ್ಕಾಗಿ ಓದುವುದು ಕಡಿಮೆಯಾಗುವುದುಂಟು. ಆ ಪರ್ವದ ಒಂದು ಸಂದರ್ಭವನ್ನು ಇಂದಿನ ಕುಸ್ತಿಯ ಲೋಕದಲ್ಲಿ ನಡೆದಿರುವ ಸಂಗತಿಗಳೊಡನೆ ಇಟ್ಟು ನೋಡುವುದೇ ಈ ಲೇಖನದ ಉದ್ದೇಶ.

ವ್ಯಾಸಭಾರತದ ವಿರಾಟಪರ್ವದಲ್ಲಿ ಜೀಮೂತನೆಂಬ ಮಲ್ಲನ ಕಥೆಯೂ ಕೀಚಕನ ಕಥೆಯೂ ಒಂದರ ಬೆನ್ನಿಗೊಂದು ಬಂದಿವೆ. ಮೊದಲನೆಯದನ್ನು ಭೀಮನ ಬಲಪ್ರದರ್ಶನಕ್ಕಾಗಿ ಸೇರಿಸಿದ ಅಲಂಕಾರವೆಂದೂ, ನಿಜವಾದ ಕಥೆಯು ಎರಡನೆಯದರಿಂದ ಆರಂಭವಾಗುವುದೆಂದೂ ಎಣಿಸುವುದು ವಾಡಿಕೆ. ನಮಗೆ ಹಾಗೆ ತೋರುವುದಿಲ್ಲ. ಮಲ್ಲರಂಗವನ್ನು ತೋರಿಸಿದ ಕವಿಯು ಅದನ್ನು ಪೋಷಿಸುವ ರಾಜಸಭೆಯನ್ನು ಒಡನೆಯೇ ತೋರಿಸಿರುವನು. ಎರಡು ಅಧ್ಯಾಯಗಳಿಗೂ ಒಬ್ಬನೇ ಅರಸು. ಎರಡರಲ್ಲಿಯೂ ಅವನ ಅನ್ನವನ್ನು ಉಣ್ಣುವವರು ಪಾತ್ರಧಾರಿಗಳು. ಎರಡರಲ್ಲಿಯೂ ಅವರಿಗೆ ಒಲ್ಲೆನೆನ್ನುವ ಸ್ವಾತಂತ್ರ್ಯವಿಲ್ಲ.

ಕಥೆಯು ವಾಚಕರಿಗೆ ತಿಳಿದದ್ದೇ. ಮತ್ಸ್ಯನಗರದ ಬ್ರಹ್ಮೋತ್ಸವಕ್ಕೆ ನಾನಾ ದಿಕ್ಕುಗಳಿಂದ ಮಲ್ಲರು ಬಂದು ನೆರೆಯುವರು. ಜೀಮೂತನು ರಂಗದ ನಡುವೆ ನಿಂತು ಎಲ್ಲರನ್ನೂ ಕರೆದರೂ ಎದುರುನಿಲ್ಲುವವರು ಇಲ್ಲವಾಗಲು, ವಿರಾಟನು ತನ್ನ ಅಡಿಗೆಯವನನ್ನು ಕಣಕ್ಕೆ ಇಳಿಸುವನು. ಭೀಮನಿಗೆ ಮನಸ್ಸಿಲ್ಲ, ವೇಷವು ಬಯಲಾದೀತೆಂಬ ಅಳುಕು. ಆದರೂ ಅರಸನ ಮಾತನ್ನು ಬಹಿರಂಗವಾಗಿ ತಳ್ಳುವಂತಿಲ್ಲ. ಹೋರಾಡಿದನು, ಗೆದ್ದನು, ಧನವನ್ನೂ ಪಡೆದನು. ಮುಂದೆ ಅರಸನು ಮಾಡಿದ್ದೇನೆಂದರೆ, ಇವನಿಗೆ ಸಮನಾದ ಮನುಷ್ಯರಿಲ್ಲವೆಂದು ಹುಲಿ ಸಿಂಹ ಆನೆಗಳೊಡನೆ ಕಾದಾಡಿಸಿದನು; ಅಂತಃಪುರದ ಸ್ತ್ರೀಯರ ಮನೋರಂಜನೆಗೂ ಅದನ್ನೇ ಏರ್ಪಡಿಸಿದನು. ಆ ನೋಟವನ್ನು ಕಂಡು ತಾನು ಮೂರ್ಛೆಗೊಳ್ಳುವಂತಾದಾಗ ರಾಣಿಯು ತನ್ನನ್ನು ಕುರಿತು ಹಾಸ್ಯವಾಡಿದಳೆಂದು ದ್ರೌಪದಿಯು ಆಮೇಲೆ ಭೀಮನೊಡನೆ ಹೇಳಿಕೊಳ್ಳುವಳು. ಕುಸ್ತಿಯು ಸ್ಪರ್ಧೆಯಿಂದ ವಿನೋದಕ್ಕೂ ವಿನೋದದಿಂದ ಕ್ರೌರ್ಯಕ್ಕೂ ಇಳಿಯುವ ಮೆಟ್ಟಿಲುಗಳನ್ನು ಕವಿಯು ಇಷ್ಟು ಸಂಕ್ಷೇಪವಾಗಿ ತೋರಿಸಿರುವನು.

ಇನ್ನು ರಾಜಸಭೆ. ಕೀಚಕನಿಂದ ಕೈಹಿಡಿಯಲ್ಪಟ್ಟ ಸೈರಂಧ್ರಿಯು ಬಿಡಿಸಿಕೊಂಡು ಓಡಿದ್ದು ಗಂಡಂದಿರ ಬಳಿಗಲ್ಲ, ಅರಸನ ಸಭೆಗೆ. ಎಂದರೆ ದೂರನ್ನು ಹೇಳಿಕೊಳ್ಳತಕ್ಕ ಸ್ಥಳಕ್ಕೆ. ಕೀಚಕನು ಅಲ್ಲಿಯೇ ಅರಸನ ಕಣ್ಣೆದುರಿಗೇ ಅವಳನ್ನು ಒದ್ದನು. ವಿರಾಟನ ಉತ್ತರವು ಗಮನಿಸತಕ್ಕದ್ದು: ನಿಮ್ಮಿಬ್ಬರ ಜಗಳವು ನನ್ನ ಕಣ್ಮರೆಯಲ್ಲಿ ನಡೆಯಿತು, ನಿಜಸ್ಥಿತಿಯನ್ನು ತಿಳಿಯದೆ ನಾನು ಹೇಗೆ ತೀರ್ಪು ಹೇಳಲಿ, ಎಂಬುದು ಅದರ ಸಾರ. ಒದ್ದದ್ದು ಕಣ್ಣೆದುರಿನಲ್ಲಿ, ತಿಳಿಯದೆಂದದ್ದು ಕಣ್ಮರೆಯದನ್ನು! ಅರಸನು ಕುರುಡನಲ್ಲ, ಅವನ ಸೈನ್ಯವು ಕೀಚಕನ ಕೈಯಲ್ಲಿತ್ತು. ಕಂಕನ ವೇಷದ ಧರ್ಮರಾಯನು ಕೂಡ, ವೇಷವನ್ನು ಕಾಪಾಡುವುದಕ್ಕಾಗಿಯೇ ಇರಲಿ, ನಟಿಯಂತೆ ಅತ್ತು ಸಭೆಯ ಜೂಜಿಗೆ ವಿಘ್ನವನ್ನು ತರುತ್ತಿರುವೆಯೆಂದು ಅವಳನ್ನೇ ಗದರಿಸುವನು. ಆಟಕ್ಕೆ ಅಡ್ಡಿಯಾದವಳು ದೂರು ತಂದವಳು, ದೂರಿಗೆ ಕಾರಣನಾದವನಲ್ಲ.

ನಮ್ಮ ವಾಚನಸಭೆಗಳಲ್ಲಿ ಜನರು ಉತ್ಸಾಹಗೊಳ್ಳುವುದು ಕೀಚಕವಧೆಯಲ್ಲಿ. ಕುಮಾರವ್ಯಾಸನ ದ್ರೌಪದಿಯು ನಡುರಾತ್ರಿಯಲ್ಲಿ ಬಾಣಸಿನ ಮನೆಗೆ ಹೋಗಿ ಭೀಮನನ್ನು ಎಬ್ಬಿಸುವ ಭಾಗವು ಗಮಕಿಗಳಿಗೆ ಬಹು ಪ್ರಿಯವಾದದ್ದು. ರಸದ ದೃಷ್ಟಿಯಿಂದ ಅದು ಸರಿಯೇ. ಆದರೆ ನ್ಯಾಯದ ದೃಷ್ಟಿಯಿಂದ ಕೀಚಕವಧೆಯು ಸಭೆಯ ಸೋಲಿನ ಫಲ. ಹಗಲಿನಲ್ಲಿ ಸಭೆಯು ಮಾಡದ ಕಾರ್ಯವನ್ನು ಇರುಳಿನಲ್ಲಿ ನರ್ತನಶಾಲೆಯ ಕತ್ತಲಲ್ಲಿ ಮಲ್ಲನೊಬ್ಬನು ಮಾಡಬೇಕಾಯಿತು. ಅದಾದ ಮೇಲೆ ನಡೆದದ್ದೇನು? ಉಪಕೀಚಕರು ಅವಳನ್ನು ಸುಡುವುದಕ್ಕೆ ಹೊತ್ತುಕೊಂಡು ಹೋದರು. ಅವಳು ಬದುಕಿ ಬಂದಾಗ ಹೆದರಿದ ವಿರಾಟನು, ಊರು ಬಿಟ್ಟು ಹೋಗೆಂದು ರಾಣಿಯ ಬಾಯಿಂದ ಹೇಳಿಸಿದನು. ಅಪರಾಧಿಯು ಸತ್ತರೂ ಊರು ಬಿಡಬೇಕಾದವಳು ದೂರು ಕೊಟ್ಟವಳೇ. ಮೂಲದ ಈ ಭಾಗವನ್ನು ವಿಮರ್ಶಕರು ಇನ್ನೂ ಹೆಚ್ಚಾಗಿ ಚರ್ಚಿಸಬೇಕಾಗಿತ್ತು.

ಈಗ ನಮ್ಮ ಕಾಲಕ್ಕೆ ಬರೋಣ. 2023ನೆಯ ಇಸವಿಯ ಜನವರಿ 18ರಂದು ದೆಹಲಿಯ ಜಂತರ್ ಮಂತರ್‌ನಲ್ಲಿ ವಿನೇಶ್ ಫೋಗಟ್, ಸಾಕ್ಷಿ ಮಲಿಕ್, ಬಜರಂಗ್ ಪುನಿಯಾ ಮೊದಲಾದ ಕುಸ್ತಿಪಟುಗಳು ಧರಣಿ ಕುಳಿತರು. ಭಾರತೀಯ ಕುಸ್ತಿ ಒಕ್ಕೂಟದ ಅಂದಿನ ಅಧ್ಯಕ್ಷರೂ ಲೋಕಸಭೆಯ ಸದಸ್ಯರೂ ಆಗಿದ್ದ ಬ್ರಿಜ್ ಭೂಷಣ್ ಶರಣ್ ಸಿಂಗ್ ಅವರು ಮಹಿಳಾ ಕುಸ್ತಿಪಟುಗಳಿಗೆ ಲೈಂಗಿಕ ಕಿರುಕುಳವನ್ನು ಕೊಟ್ಟರೆಂಬುದು ಆರೋಪ. ಅವರು ಅದನ್ನು ನಿರಾಕರಿಸಿದರು. ಮೇರಿ ಕೋಮ್ ಅವರ ನೇತೃತ್ವದಲ್ಲಿ ಮೇಲುಸ್ತುವಾರಿ ಸಮಿತಿಯೊಂದು ನೇಮಕವಾಯಿತು. ಏಪ್ರಿಲ್ 23ರಂದು ಧರಣಿಯು ಪುನಃ ಆರಂಭವಾಗಿ, ವಿಷಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಮೇಲೆ ಏಪ್ರಿಲ್ 28ರಂದು ಪೊಲೀಸರು ಮೊಕದ್ದಮೆಯನ್ನು ದಾಖಲು ಮಾಡಿದರು. ಮೇ 28ರಂದು ನೂತನ ಸಂಸದ್ಭವನದ ಉದ್ಘಾಟನೆಯ ದಿನವೇ ಧರಣಿ ನಿರತರನ್ನು ಎಳೆದೊಯ್ದರು. ಎರಡು ದಿನಗಳ ಬಳಿಕ ಅವರು ತಮ್ಮ ಪದಕಗಳನ್ನು ಗಂಗೆಯಲ್ಲಿ ಬಿಡುವುದಕ್ಕಾಗಿ ಹರಿದ್ವಾರಕ್ಕೆ ಹೋಗಿ, ಹಿರಿಯರ ಮಾತಿಗೆ ಕಟ್ಟುಬಿದ್ದು ಹಿಂತಿರುಗಿದರು. ಜೂನ್ 15ರಂದು ಆರೋಪಪಟ್ಟಿಯು ಸಲ್ಲಿಕೆಯಾಯಿತು. 2024ರ ಮೇ ತಿಂಗಳಲ್ಲಿ ನ್ಯಾಯಾಲಯವು ಆರೋಪಗಳನ್ನು ನಿಗದಿಪಡಿಸಿತು. ಆಪಾದಿತರು ತಪ್ಪೊಪ್ಪಿಕೊಳ್ಳದೆ ವಿಚಾರಣೆಯನ್ನು ಕೋರಿದರು. ಅಪ್ರಾಪ್ತ ವಯಸ್ಸಿನವಳೊಬ್ಬಳ ಹೆಸರಿನಲ್ಲಿದ್ದ ಪ್ರತ್ಯೇಕ ಮೊಕದ್ದಮೆಯನ್ನು ಮುಕ್ತಾಯಗೊಳಿಸಬೇಕೆಂಬ ಪೊಲೀಸರ ವರದಿಯನ್ನು 2025ರ ಮೇ ತಿಂಗಳಲ್ಲಿ ನ್ಯಾಯಾಲಯವು ಅಂಗೀಕರಿಸಿತು.

ಆಪಾದಿತರು ದೋಷಿಗಳೋ ಅಲ್ಲವೋ ಎಂಬುದನ್ನು ಹೇಳತಕ್ಕದ್ದು ನ್ಯಾಯಾಧೀಶರು, ಮಾಸಪತ್ರಿಕೆಯ ಲೇಖಕನಲ್ಲ. ಅವರನ್ನು ಕೀಚಕನ ಸ್ಥಾನದಲ್ಲಿ ನಿಲ್ಲಿಸುವುದು ನಮ್ಮ ಉದ್ದೇಶವೂ ಅಲ್ಲ. ನಮ್ಮ ಪ್ರಶ್ನೆಯು ವಿರಾಟನನ್ನು ಕುರಿತದ್ದು. ದೇಶಕ್ಕೆ ಒಲಿಂಪಿಕ್ ಪದಕವನ್ನು ತಂದವಳಿಗೂ ದೂರು ಹೇಳಿಕೊಳ್ಳುವುದಕ್ಕೆ ಬೀದಿಯ ಹೊರತು ಸ್ಥಳವಿಲ್ಲವೆಂದಮೇಲೆ, ಹಳ್ಳಿಯ ಗರಡಿಯಲ್ಲಿ ಮೊನ್ನೆ ಮಟ್ಟಿ ಮುಟ್ಟಿದ ಹುಡುಗಿಯ ಪಾಡೇನು? ಉದ್ಯೋಗಸ್ಥಳದಲ್ಲಿ ಸ್ತ್ರೀಯರ ದೂರುಗಳನ್ನು ಕೇಳತಕ್ಕ ಆಂತರಿಕ ಸಮಿತಿಯು ಇರಬೇಕೆಂದು 2013ರ ಶಾಸನವು ವಿಧಿಸಿದೆ. ಇದು ಕ್ರೀಡಾ ಒಕ್ಕೂಟಗಳಲ್ಲಿ ಸರಿಯಾಗಿ ಪಾಲನೆಯಾಗಿಲ್ಲವೆಂದು 2023ರ ಮೇ ತಿಂಗಳಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಕುಸ್ತಿ ಒಕ್ಕೂಟವೂ ಸೇರಿದಂತೆ ಹಲವು ಸಂಸ್ಥೆಗಳಿಗೆ ನೋಟೀಸು ಕೊಟ್ಟಿತು. ಅದೇ ವರ್ಷದ ಡಿಸೆಂಬರ್ 21ರ ಚುನಾವಣೆಯಲ್ಲಿ ಹಿಂದಿನ ಅಧ್ಯಕ್ಷರ ಆಪ್ತರೇ ಅಧ್ಯಕ್ಷರಾಗಿ ಗೆದ್ದ ದಿನ, ಸಾಕ್ಷಿ ಮಲಿಕ್ ಅವರು ಕಾಲಿನ ಬೂಟುಗಳನ್ನು ಮೇಜಿನ ಮೇಲೆ ಇಟ್ಟು ಕುಸ್ತಿಯನ್ನು ತೊರೆದರು. ಊರು ಬಿಟ್ಟವಳು ಈ ಸಲವೂ ಸೈರಂಧ್ರಿಯೇ.

ಹಣಕ್ಕಾಗಿ ಪ್ರದರ್ಶಿಸುವ ಕುಸ್ತಿಯ ಉದ್ಯಮವು ಈ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ನಮ್ಮ ಮನೆಗಳ ಹುಡುಗರು ದೂರದರ್ಶನದ ಪೆಟ್ಟಿಗೆಯ ಮುಂದೆ ಕುಳಿತು ನೋಡುವ ಅಮೇರಿಕೆಯ ಕುಸ್ತಿಯಲ್ಲಿ ಗೆಲವು ಸೋಲುಗಳು ಮೊದಲೇ ಗೊತ್ತಾಗಿರುತ್ತವೆಂಬುದು ಈಗ ಗುಟ್ಟಲ್ಲ. ಅಲ್ಲಿನ ಪ್ರಮುಖ ಕಂಪೆನಿಯು 1989ರಲ್ಲಿ ನ್ಯೂಜೆರ್ಸಿ ಸಂಸ್ಥಾನದ ಶಾಸನಸಭೆಯ ಮುಂದೆ, ನಮ್ಮದು ಕ್ರೀಡೆಯಲ್ಲ, ಮನೋರಂಜನೆ ಎಂದು ತಾನೇ ಒಪ್ಪಿಕೊಂಡಿತು. ಹಾಗೆ ಒಪ್ಪಿಕೊಂಡರೆ ಕ್ರೀಡಾನಿಯಂತ್ರಣ ಮಂಡಲಿಯ ಹಿಡಿತವೂ ತೆರಿಗೆಯ ಭಾರವೂ ತಪ್ಪುವಂತಿದ್ದವು. ನಾಟಕವೆಂದಮೇಲೆ ನಟರನ್ನು ನೌಕರರಂತೆ ಸಾಕಬೇಡವೇ? ಅದೂ ಇಲ್ಲ, ಅವರು ಸ್ವತಂತ್ರ ಗುತ್ತಿಗೆದಾರರಂತೆ! ಹೀಗೆ ಸರಕಾರದ ಮುಂದೆ ಅದು ಸ್ಪರ್ಧೆಯಲ್ಲ, ಮಲ್ಲನ ಮುಂದೆ ಅದು ನೌಕರಿಯಲ್ಲ. 1999ರ ಮೇ 23ರಂದು ಕಾನ್ಸಾಸ್ ನಗರದಲ್ಲಿ ಓವನ್ ಹಾರ್ಟ್ ಎಂಬ ಮಲ್ಲನನ್ನು ರಂಗದ ಮೇಲ್ಛಾವಣಿಯಿಂದ ಇಳಿಸುವಾಗ ಅವನು ಬಿದ್ದು ಸತ್ತನು. ಆ ರಾತ್ರಿಯ ಪ್ರದರ್ಶನವನ್ನು ನಿಲ್ಲಿಸಲಿಲ್ಲ. ಆ ಕಂಪೆನಿಯನ್ನು ದಶಕಗಳ ಕಾಲ ಆಳಿದ ವಿನ್ಸ್ ಮೆಕ್‌ಮ್ಯಾನ್ 2022ರಲ್ಲಿ, ಸ್ತ್ರೀಯರಿಗೆ ಗುಟ್ಟಾಗಿ ಕೊಟ್ಟ ಹಣದ ತನಿಖೆ ನಡೆದಾಗ ಅಧಿಕಾರವನ್ನು ಬಿಟ್ಟನು. 2023ರ ಜನವರಿಯಲ್ಲಿ ಪಾಲುಗಳ ಬಲದಿಂದ ಹಿಂತಿರುಗಿದನು. 2024ರ ಜನವರಿಯಲ್ಲಿ ಮಾಜಿ ಉದ್ಯೋಗಿನಿಯೊಬ್ಬಳು ದಾವೆ ಹೂಡಿದ ಮೇಲೆ ಪುನಃ ಬಿಟ್ಟನು. ಆರೋಪಗಳನ್ನು ಅವನು ನಿರಾಕರಿಸಿರುವನು.

ಇದೆಲ್ಲ ಬರಿಯ ನಟನೆ, ನಟನೆಯಲ್ಲಿ ಧರ್ಮಾಧರ್ಮಗಳೇನು ಎಂದು ಕೇಳುವವರಿದ್ದಾರೆ. ಉತ್ತರವನ್ನು ಭರತಮುನಿಯು ಎಂದೋ ಕೊಟ್ಟಿರುವನು. ರಂಗದ ಮೇಲೆ ಶಸ್ತ್ರಗಳನ್ನು ಪ್ರಯೋಗಿಸುವ ನಾಲ್ಕು ಕ್ರಮಗಳಿಗೆ ನಾಟ್ಯಶಾಸ್ತ್ರದಲ್ಲಿ ‘ನ್ಯಾಯ’ಗಳೆಂದೇ ಹೆಸರು. ರಂಗದಲ್ಲಿ ಇರಿಯಕೂಡದು, ಕಡಿಯಕೂಡದು, ರಕ್ತವು ಸುರಿಯಕೂಡದು, ಪೆಟ್ಟು ನಿಜವಾಗಿ ತಾಗಕೂಡದು ಎಂಬುದು ಅಲ್ಲಿಯ ವಿಧಿ. ಕೋಪವು ಸುಳ್ಳಾದರೂ ನಟನ ದೇಹವು ಸುಳ್ಳಲ್ಲವೆಂಬ ವಿವೇಕವು ಅದರ ಹಿಂದೆ ಇದೆ. ನಾಟಕವಾದರೆ ಭರತನಿಗೆ ಉತ್ತರ ಕೊಡಬೇಕು. ಸ್ಪರ್ಧೆಯಾದರೆ ಬಲರಾಮನಿಗೆ ಉತ್ತರ ಕೊಡಬೇಕು. ಎರಡೂ ಅಲ್ಲವೆಂದು ನುಣುಚಿಕೊಳ್ಳುವ ಆಟವು ಯಾರಿಗೂ ಉತ್ತರ ಕೊಡದ ಆಟ.

ಬಲರಾಮನ ಹೆಸರು ಬಂದದ್ದರಿಂದ ಒಂದು ಮಾತು. ಶಲ್ಯಪರ್ವದಲ್ಲಿ ಭೀಮನು ನಾಭಿಯ ಕೆಳಗೆ ಹೊಡೆದಾಗ, ಇಬ್ಬರಿಗೂ ಗುರುವಾದ ಬಲರಾಮನು ನೇಗಿಲನ್ನೆತ್ತಿ ಮುನ್ನುಗ್ಗುವನು; ಕೃಷ್ಣನು ತಡೆದು ಸಮಾಧಾನ ಹೇಳಿದರೂ ಒಪ್ಪದೆ, ಭೀಮನು ಲೋಕದಲ್ಲಿ ಜಿಹ್ಮಯೋಧಿಯೆಂದು, ಅಂದರೆ ವಕ್ರವಾಗಿ ಕಾದಿದವನೆಂದು ಹೆಸರಾಗುವನೆಂದು ಹೇಳಿ ಹೊರಟುಹೋಗುವನು. ಗೆದ್ದವರ ಪಾಳೆಯದಲ್ಲಿ ನಿಂತು, ಗೆದ್ದವನ ಮುಖದೆದುರಿಗೆ, ತನ್ನ ಶಿಷ್ಯನನ್ನೇ ತಪ್ಪಿತಸ್ಥನೆಂದದ್ದು ಸಾಮಾನ್ಯವಲ್ಲ. ಭಾಸನು ಊರುಭಂಗದಲ್ಲಿ ಸಾಯುತ್ತಿರುವ ದುರ್ಯೋಧನನಿಂದಲೇ ಬಲರಾಮನನ್ನು ಸಮಾಧಾನಪಡಿಸಿದನು. ನಮ್ಮ ರನ್ನನಾದರೋ ತನ್ನ ಒಡೆಯನಾದ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಕಾವ್ಯವನ್ನು ಕಟ್ಟಿಯೂ ದುರ್ಯೋಧನನ ಘನತೆಯನ್ನು ಮುಚ್ಚಿಡಲಿಲ್ಲ. ಒಡೆಯನ ಅನ್ನವನ್ನು ಉಂಡು ಎದುರಾಳಿಯ ದೊಡ್ಡತನವನ್ನೂ ಹೇಳಿದ್ದು ಕವಿಯ ಪ್ರಾಮಾಣಿಕತೆ.

ಪೋಷಕನ ಹೊಣೆಯನ್ನು ನಮ್ಮ ಹಿಂದಿನವರು ಅರಿಯದೆ ಇರಲಿಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಪ್ರಕರಣವಿದೆ. ಮಲ್ಲರ ದರ್ಜೆಗಳು, ಅವರಿಗೆ ಕೊಡತಕ್ಕ ಆಹಾರ, ಭಾರಶ್ರಮ ಸ್ತಂಭಶ್ರಮಾದಿ ಸಾಧನೆಗಳು, ಎಲ್ಲವೂ ಅಲ್ಲಿ ವಿವರವಾಗಿವೆ. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ಜೆಟ್ಟಿಗಳ ವಜ್ರಮುಷ್ಟಿ ಕಾಳಗದಲ್ಲಿ, ತಲೆಯಿಂದ ರಕ್ತದ ಹನಿ ಕಾಣಿಸಿದೊಡನೆ ಕಾಳಗವು ನಿಲ್ಲಬೇಕೆಂಬ ಕಟ್ಟಳೆಯಿದೆ. ಎಲ್ಲಿ ನಿಲ್ಲಬೇಕೆಂಬುದು ಮೊದಲೇ ಗೊತ್ತಿರುವುದೇ ಕ್ರೀಡೆಗೂ ಹಿಂಸೆಗೂ ಇರುವ ಭೇದ. ಆದರೆ ಸೋಮೇಶ್ವರನ ಗ್ರಂಥವು ಅರಸನ ವಿನೋದದ ದೃಷ್ಟಿಯಿಂದ ಬರೆದದ್ದು. ಮಲ್ಲನಿಗೆ ತುಪ್ಪವನ್ನು ಕೊಟ್ಟರೆ ಅರಸನ ಕರ್ತವ್ಯವು ಅರ್ಧ ಮುಗಿಯಿತು. ಅವನ ಮಾತನ್ನು ಕೇಳುವುದು ಉಳಿದರ್ಧ. ನಮ್ಮ ಕಾಲದ ಒಕ್ಕೂಟಗಳು ಕಲಿಯಬೇಕಾದದ್ದು ಈ ಉಳಿದರ್ಧವನ್ನು.

ಭಾರತದಲ್ಲಿಯೇ ಇದಕ್ಕೊಂದು ಲೆಕ್ಕವಿದೆ. ದ್ಯೂತಸಭೆಯಲ್ಲಿ ಎಲ್ಲರೂ ಸುಮ್ಮನಿದ್ದಾಗ ವಿದುರನು ಪ್ರಹ್ಲಾದನ ಕಥೆಯನ್ನು ಹೇಳುವನು. ಸಭೆಯಲ್ಲಿ ನಿಂದ್ಯವಾದದ್ದನ್ನು ನಿಂದಿಸದೆ ಬಿಟ್ಟರೆ ಪಾಪದ ಅರ್ಧವು ಸಭೆಯ ಹಿರಿಯನಿಗೆ, ಕಾಲುಭಾಗವು ಮಾಡಿದವನಿಗೆ, ಉಳಿದ ಕಾಲುಭಾಗವು ಸುಮ್ಮನೆ ಕುಳಿತ ಸಭಾಸದರಿಗೆ. ನಿಂದಿಸಿದರೆ ಹಿರಿಯನೂ ಸಭೆಯೂ ಮುಕ್ತರು. ಪಾಪವೆಲ್ಲ ಮಾಡಿದವನ ತಲೆಗೆ. ಮಾಡಿದವನಿಗಿಂತ ಪೀಠದಲ್ಲಿ ಕುಳಿತವನ ಪಾಲು ಇಮ್ಮಡಿಯೆಂಬುದನ್ನು ವಾಚಕರು ಗಮನಿಸಬೇಕು. ಹಣ ಕೊಟ್ಟು ನೋಡಿ ಚಪ್ಪಾಳೆ ತಟ್ಟುವ ನಮ್ಮ ಪಾಲೂ ಕಡೆಯ ಕಾಲುಭಾಗದಲ್ಲಿದೆ.

ನಮ್ಮ ಜಿಲ್ಲೆಗೆ ಈ ಇಬ್ಬರ ಹೆಸರೂ ಅಂಟಿಕೊಂಡಿವೆ. ಚಿಂತಾಮಣಿಯ ಸೀಮೆಯ ಕೈವಾರವೇ ಏಕಚಕ್ರಪುರವೆಂದೂ, ಭೀಮನು ಬಕನೊಡನೆ ಸೆಣಸಿದ್ದು ಅಲ್ಲಿಯೇ ಎಂದೂ ಜನರು ನಂಬಿರುವರು. ಗೌರಿಬಿದನೂರಿನ ಸೀಮೆಯ ವಿದುರಾಶ್ವತ್ಥದಲ್ಲಿ ವಿದುರನು ನೆಟ್ಟನೆಂದು ಹೇಳುವ ಅಶ್ವತ್ಥವಿತ್ತು. ಆ ಪುರಾತನ ವೃಕ್ಷವು 2001ರಲ್ಲಿ ಉರುಳಿತು. 1938ರ ಏಪ್ರಿಲ್ 25ರಂದು ಅಲ್ಲಿ ಸಭೆ ಸೇರಿದ ಜನರ ಮೇಲೆ ಗುಂಡು ಹಾರಿತೆಂಬುದೂ ನಮಗೆ ಮರೆತಿಲ್ಲ. ಬಾಯಿ ತೆರೆದವರು ಬೆಲೆ ತೆರುವರೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಭೀಮನ ತೋಳನ್ನು ಕೊಂಡಾಡುವುದು ಸುಲಭ; ನಮ್ಮ ಗರಡಿಗಳಲ್ಲಿ ಅದಕ್ಕೆ ಕೊರತೆಯಿಲ್ಲ. ವಿದುರನ ನಾಲಗೆಯು ನಮ್ಮ ಸಂಸ್ಥೆಗಳಲ್ಲಿ ಎಷ್ಟಿದೆ ಎಂಬುದನ್ನು ವಿಚಾರಿಸಿ ನೋಡಬೇಕು. ಮುಂದಿನ ಸಲ ಮಳೆಗಾಗಿ ವಿರಾಟಪರ್ವವನ್ನು ಓದಿಸುವಾಗ ಕೀಚಕನ ವಧೆಗೆ ತಲೆದೂಗುವ ಮೊದಲು, ಸೈರಂಧ್ರಿಯು ಸಭೆಯಲ್ಲಿ ನಿಂತ ಆ ಅಧ್ಯಾಯದಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು.